ಕಡಲ ಗಾಳಿಗೆ ಸೆವೆನ್ ಐರನ್

ಪ್ರಶ್ನೆ: ನಾನು ನಿವೃತ್ತ ಬ್ಯಾಂಕ್ ನೌಕರ, ವಯಸ್ಸು 62. ಮೈಸೂರಿನಲ್ಲಿ ನಾಲ್ಕು ವರ್ಷದಿಂದ ಗಾಲ್ಫ್ ಆಡುತ್ತಿದ್ದೇನೆ, ಹ್ಯಾಂಡಿಕ್ಯಾಪ್ 24. ಜೂನ್‌ನಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇವೆ. ಅವಳ ಆಫೀಸಿನವರು ನಾರ್ತ್ ಬೆರಿಕ್‌ನ ವೆಸ್ಟ್ ಲಿಂಕ್ಸ್‌ನಲ್ಲಿ ಹವ್ಯಾಸಿಗಳ ಗಾಲ್ಫ್ ದಿನ ಇಟ್ಟುಕೊಂಡಿದ್ದಾರೆ. ನಾಲ್ವರ ತಂಡದಲ್ಲಿ ಒಬ್ಬರು ಕಡಿಮೆ ಅಂತ ನನ್ನನ್ನು ಕೇಳದೆ ನನ್ನ ಹೆಸರು ಬರೆಸಿಬಿಟ್ಟಿದ್ದಾಳೆ. ಸ್ಟೇಬಲ್‌ಫೋರ್ಡ್ ಲೆಕ್ಕವಂತೆ. ಸಮುದ್ರದ ಪಕ್ಕ ನಾನು ಎಂದೂ ಆಡಿದವನಲ್ಲ. ತಂಡದ ಮಾನ ತೆಗೆಯುತ್ತೇನೇನೋ ಎಂಬ ಭಯ. ಹೇಗೆ ತಯಾರಾಗಲಿ?
(ಓದುಗರು, ಮೈಸೂರು)

ಉತ್ತರ: ಮೊದಲು ಭಯದ ಮಾತು ಮುಗಿಸೋಣ. ಸ್ಟೇಬಲ್‌ಫೋರ್ಡ್ ನಿಮಗೆ ಗೊತ್ತೇ ಇದೆ, ಉಳಿದ ಓದುಗರಿಗಾಗಿ ಹೇಳುತ್ತೇನೆ. ಇಲ್ಲಿ ಒಟ್ಟು ಹೊಡೆತ ಎಣಿಸುವುದಿಲ್ಲ, ಪ್ರತಿ ಹೋಲ್‌ಗೂ, ಅಂದರೆ ಗುಳಿಗೂ, ಅಂಕ. ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟಕ್ಕೆ ತಕ್ಕಂತೆ ಸಿಗುವ ರಿಯಾಯಿತಿ ಹೊಡೆತ) ಕಳೆದ ಮೇಲೆ ಪಾರ್ (ಆ ಹೋಲ್‌ಗೆ ಗೊತ್ತುಮಾಡಿದ ಹೊಡೆತ) ಬಂದರೆ 2, ಒಂದು ಹೆಚ್ಚಾದರೆ 1, ಒಂದು ಕಡಿಮೆಯಾದರೆ 3. ಎರಡು ಹೆಚ್ಚಾಯಿತೋ, ಸೊನ್ನೆ. ಹತ್ತು ಹೊಡೆದರೂ ಅದೇ ಸೊನ್ನೆ. ನಿಮ್ಮ 24ರಲ್ಲಿ ಹದಿನೆಂಟು ಹೋಲ್‌ಗೂ ಒಂದೊಂದು ರಿಯಾಯಿತಿ, ತೀರಾ ಕಷ್ಟದ ಆರು ಹೋಲ್‌ಗಳಲ್ಲಿ ಎರಡೆರಡು. ಅಂಥ ಪಾರ್ 4ರಲ್ಲಿ ನೀವು ಆರಕ್ಕೆ ಮುಗಿಸಿದರೂ 2 ಅಂಕ ನಿಮ್ಮದೇ. ಏಳು ಹೊಡೆತವಾದರೂ ಚೆಂಡು ಗುಳಿಗೆ ಬೀಳಲಿಲ್ಲವೆಂದರೆ ಎತ್ತಿ ಜೇಬಿಗೆ ಹಾಕಿಕೊಳ್ಳಿ. ಯಾರೂ ಏನೂ ಅನ್ನುವುದಿಲ್ಲ. ಹಿಂದಿನ ತಂಡ ಮನಸ್ಸಿನಲ್ಲೇ ಕೈಮುಗಿದೀತು.

ಅಂದಹಾಗೆ ಈ ಲೆಕ್ಕ ಕಡಲ ಗಾಳಿಯ ಕಾಟದಿಂದಲೇ ಬಂದದ್ದು. ಇಂಗ್ಲೆಂಡಿನ ವಾಲಸಿ ಎಂಬ ಕಡಲ ತೀರದ ಮೈದಾನದಲ್ಲಿ ಆಡುತ್ತಿದ್ದ ಡಾ. ಫ್ರಾಂಕ್ ಸ್ಟೇಬಲ್‌ಫೋರ್ಡ್, ಗಾಳಿಗೆ ಸಿಕ್ಕಿ ಮೊದಲೆರಡು ಹೋಲ್‌ನಲ್ಲೇ ಸೋತು ಜನ ಕೈಚೆಲ್ಲುವುದನ್ನು ನೋಡಲಾರದೆ 1932ರಲ್ಲಿ ಅಲ್ಲಿ ಇದನ್ನು ಜಾರಿಗೆ ತಂದರು. ಶಸ್ತ್ರಚಿಕಿತ್ಸೆಯ ವೈದ್ಯರು. ನೋವು ಎಲ್ಲಿದೆ ಅಂತ ಗೊತ್ತಿತ್ತು.

ಇನ್ನು ಆಟ. ನಾನು ಹದಿನಾಲ್ಕನೇ ವಯಸ್ಸಿಗೆ ಬೆಂಗಳೂರಿನಲ್ಲಿ ಬ್ಯಾಗು ಹೊತ್ತು ಕ್ಯಾಡಿಯಾದವನು. ನೋಡಿ ಕಲಿತದ್ದೆಲ್ಲ ಒಂದೇ ಪಾಠ: ಚೆಂಡನ್ನು ಮೇಲಕ್ಕೆ ಎತ್ತು, ಗ್ರೀನ್ (ಗುಳಿಯ ಸುತ್ತಲಿನ ನುಣುಪು ಹುಲ್ಲು) ಮೇಲೆ ಧೊಪ್ಪನೆ ಇಳಿಸು. ನಮ್ಮ ನೀರು ಹಾಯಿಸಿದ ಮೆತ್ತನೆ ಹುಲ್ಲಿಗೆ ಅದು ಸರಿ. ನಾರ್ತ್ ಬೆರಿಕ್‌ನಲ್ಲಿ ನಾನು ಅದನ್ನೇ ಮಾಡಲು ಹೋದೆ. ವೆಜ್ ಎಂಬ, ಚೆಂಡನ್ನು ಎತ್ತರಕ್ಕೆ ಹಾರಿಸುವ ಕ್ಲಬ್‌ನಿಂದ ಚೆಂದವಾಗಿ ಎತ್ತಿದ ಚೆಂಡನ್ನು ಗಾಳಿ ಹಿಡಿದು ವಾಪಸ್ ನನ್ನ ಕಡೆಗೇ ತಂದು ಹಾಕಿತು. ‘ಗಾಳಿ ಬಂದಾಗ ತೂರಿಕೋ’ ಅನ್ನುವ ನಮ್ಮ ಗಾದೆ ರಾಗಿ ಕಣಕ್ಕೆ ಸರಿ. ಅಲ್ಲಿ ಗಾಳಿ ಬಂದಾಗ ತಗ್ಗಿಕೋ.

ಲಿಂಕ್ಸ್ ಅಂದರೆ ಸಮುದ್ರಕ್ಕೂ ಉಳುಮೆ ಹೊಲಕ್ಕೂ ನಡುವಿನ ಮರಳುದಿಣ್ಣೆಯ ನೆಲ. ನೇಗಿಲಿಗೆ ಬಾರದ್ದು, ಕುರಿ ಮೇಯಿಸಲು ಆದದ್ದು. ಮಳೆ ಬಿದ್ದರೆ ಮರಳು ಕುಡಿದುಬಿಡುತ್ತದೆ, ಹುಲ್ಲು ಸಣ್ಣ, ನೆಲ ಗಟ್ಟಿ. ಚೆಂಡು ಬಿದ್ದ ಮೇಲೆ ಉರುಳುತ್ತದೆ, ಉರುಳುತ್ತಲೇ ಇರುತ್ತದೆ. ಹಾಗಾಗಿ ಗ್ರೀನ್‌ಗೆ ಮೂವತ್ತು ನಲವತ್ತು ಗಜ ಇರುವಾಗ ವೆಜ್ ಮುಟ್ಟಬೇಡಿ. ಚೆಂಡನ್ನು ಅಷ್ಟು ಎತ್ತರಕ್ಕೆ ಎತ್ತದ ಸೆವೆನ್ ಐರನ್ ಕ್ಲಬ್ ತೆಗೆದು, ಚಿಕ್ಕಂದಿನಲ್ಲಿ ಗೋಲಿ ಬಿಟ್ಟ ಹಾಗೆ ನೆಲದ ಮೇಲೇ ಓಡಿಸಿ. ಗ್ರೀನ್‌ನ ಹೊರಗಿನಿಂದಲೂ ಪಟರ್ (ಗ್ರೀನ್ ಮೇಲೆ ಚೆಂಡು ಉರುಳಿಸುವ ಕ್ಲಬ್) ಹಿಡಿಯಿರಿ, ಅಲ್ಲಿ ಅದು ನಾಚಿಕೆಯ ಕೆಲಸವಲ್ಲ. ಹೊರಡುವ ಮುನ್ನ ಒಂದು ತಿಂಗಳು ಇದೊಂದನ್ನೇ ಅಭ್ಯಾಸ ಮಾಡಿ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಬೆಚ್ಚಗೂ ಇದೆ. ಅಲ್ಲಿನ ತಣ್ಣನೆಯ ದಪ್ಪ ಗಾಳಿಯಲ್ಲಿ ಅದೇ ಹೊಡೆತ ಅಷ್ಟು ದೂರ ಹೋಗುವುದಿಲ್ಲ, ಒಂದು ಕ್ಲಬ್ ದೊಡ್ಡದನ್ನೇ, ಅಂದರೆ ಇನ್ನೂ ದೂರ ಹೊಡೆಯುವುದನ್ನೇ, ತೆಗೆದುಕೊಳ್ಳಿ.

ಎರಡು ಹೋಲ್ ನೆನಪಿಡಿ. ಹದಿಮೂರನೆಯದರ ಹೆಸರು ‘ಪಿಟ್’. ಗ್ರೀನ್ ಮುಂದೆ ಹೊಲದ ಬದುವಿನಂತೆ ಒಂದು ಮೋಟು ಕಲ್ಲುಗೋಡೆ ಅಡ್ಡ ಇದೆ. ಗ್ರೀನ್ ಆ ಗೋಡೆಗೂ ಮರಳುದಿಣ್ಣೆಗೂ ನಡುವೆ ತಗ್ಗಿನಲ್ಲಿ ಅಡಗಿದೆ. ನನ್ನ ಚೆಂಡು ಗೋಡೆಯ ಬುಡದಲ್ಲೇ ನಿಂತಿತ್ತು. ದಾಟಿಸಿಯೇ ಸೈ ಅಂತ ಹೊಡೆದೆ. ಕಲ್ಲಿಗೆ ಬಡಿದು ಬಂದು ನನ್ನ ಕಣಕಾಲಿಗೇ ಅಪ್ಪಳಿಸಿತು. ಜತೆಗಿದ್ದ ಅಲ್ಲಿನ ಹಿರಿಯರೊಬ್ಬರು ಒಂದು ಮಾತೂ ಆಡದೆ ಕೋಲಿನಿಂದ ಹಿಂದಕ್ಕೆ ತೋರಿಸಿದರು: ಹಿಂದಕ್ಕೆ ಹೊಡಿ, ಆಮೇಲೆ ದಾಟಿಸು. ಒಂದು ಹೊಡೆತ ಹೋದರೆ ಹೋಗಲಿ.

ಹದಿನೈದನೆಯದು ‘ರಿಡಾನ್’, ಕ್ರಿಮಿಯಾ ಯುದ್ಧದ ಕೋಟೆಯೊಂದರ ಹೆಸರು. ಪಾರ್ 3. ಜಗತ್ತಿನ ಎಷ್ಟೋ ಮೈದಾನಗಳು ನಕಲು ಮಾಡಿದ ಹೋಲ್ ಇದು. ಗ್ರೀನ್ ಓರೆಯಾಗಿ ಕೂತಿದೆ, ಬಲ ಮುಂಭಾಗದಿಂದ ಎಡ ಹಿಂಭಾಗಕ್ಕೆ ಇಳಿಜಾರು, ಎಡ ಮುಂದೆ ಆಳವಾದ ಬಂಕರ್, ಅಂದರೆ ಮರಳುಗುಂಡಿ. ಬಾವುಟವನ್ನು ನೋಡಿ ನೇರ ಹೊಡೆದವರು ಬಂಕರ್ ಸೇರುತ್ತಾರೆ. ಬಲಕ್ಕೆ, ಸ್ವಲ್ಪ ಮೊದಲೇ ಇಳಿಸಿದರೆ ಉಳಿದ ದಾರಿಯನ್ನು ಇಳಿಜಾರೇ ನಡೆಸಿಕೊಂಡು ಹೋಗುತ್ತದೆ. ಹೊಡೆದು ಸುಮ್ಮನೆ ನಿಂತು ನೋಡುವ ಆ ಹತ್ತು ಸೆಕೆಂಡಿಗಾಗಿಯೇ ನಾನು ಮತ್ತೊಮ್ಮೆ ಅಲ್ಲಿಗೆ ಹೋಗಲು ತಯಾರ್.

ಹದಿನೆಂಟರಲ್ಲಿ ಬಲಕ್ಕೆ ಮಾತ್ರ ಹೊಡೆಯಬೇಡಿ. ರಸ್ತೆ ಪಕ್ಕ ಕಾರುಗಳ ಸಾಲೇ ನಿಂತಿರುತ್ತದೆ.

ಬಟ್ಟೆ: ಜೂನ್ ಎಂದು ಮೋಸ ಹೋಗಬೇಡಿ. ಸ್ವೆಟರ್, ಮಳೆ ಜಾಕೆಟ್, ಒಣ ಕಾಲುಚೀಲ ಇನ್ನೊಂದು ಜೊತೆ. ಛತ್ರಿಯನ್ನು ಮಗಳ ಮನೆಯಲ್ಲೇ ಬಿಡಿ, ಆ ಗಾಳಿಗೆ ಅದು ಉಲ್ಟಾ ಹೊಡೆಯುತ್ತದೆ.

ಪ್ರಶ್ನೆ: ನಮ್ಮ ರಾಜ್ಯಕ್ಕೂ ಸುಮಾರು 320 ಕಿ.ಮೀ. ಕಡಲತೀರವಿದೆ. ಸ್ಕಾಟ್ಲೆಂಡಿನಂಥ ಗಾಲ್ಫ್ ಮೈದಾನ ನಮ್ಮ ಕರಾವಳಿಯಲ್ಲೂ ಆಗಬಾರದೇಕೆ?
(ವಿದ್ಯಾರ್ಥಿ, ಉಡುಪಿ)

ಉತ್ತರ: ನಾರ್ತ್ ಬೆರಿಕ್ ಕಡೆ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿ.ಮೀ., ನಮ್ಮ ಬಯಲುಸೀಮೆಯಷ್ಟು. ನಿಮ್ಮೂರಲ್ಲಿ ಅದರ ಆರೇಳು ಪಟ್ಟು, ಅದೂ ಬಹುಪಾಲು ನಾಲ್ಕೇ ತಿಂಗಳಲ್ಲಿ. ಲಿಂಕ್ಸ್‌ನ ಜೀವಾಳವಾದ ಸಣ್ಣ ಫೆಸ್ಕ್ಯೂ ಹುಲ್ಲು ತಂಪು ನಾಡಿನದು, ನಿಮ್ಮ ಸೆಕೆಗೆ ಬಾಳುವುದಿಲ್ಲ. ಬೇರೆ ಹುಲ್ಲು ಹಾಕಿ, ನೀರು ಹಾಯಿಸಿ ಮಾಡಬಹುದು, ಆದರೆ ಅದು ಸಮುದ್ರದ ಪಕ್ಕದ ಮೈದಾನವಾದೀತೇ ಹೊರತು ಲಿಂಕ್ಸ್ ಆಗದು. ಇನ್ನೊಂದು ಮಾತು. ಅಲ್ಲಿ ಆ ಮರಳುನೆಲ ಕುರಿಗಲ್ಲದೆ ಬೇರೆಯವರಿಗೆ ಬೇಕಿರಲಿಲ್ಲ. ಮಲ್ಪೆಯಲ್ಲಿ ದೋಣಿ ಎಳೆಯುವವರು, ಮೀನು ಒಣಗಿಸುವವರು ಎಲ್ಲಿಗೆ ಹೋಗಬೇಕು? ಬ್ಯಾಗು ಹೊತ್ತು ಹೊಟ್ಟೆ ಹೊರೆದ ನನಗೆ ಆ ಮೈದಾನ ಬೇಡ. ನಿಮಗೆ ಗಾಲ್ಫ್ ಕಲಿಯುವ ಆಸೆಯಿದ್ದರೆ ಒಂದು ಹಳೆ ಸೆವೆನ್ ಐರನ್ ಕೊಂಡು ಪತ್ರ ಬರೆಯಿರಿ.

ಪ್ರಶ್ನೆ: ಮೊದಲ ಪ್ರಶ್ನೆ ಕಳಿಸಿದವರ ಹೆಂಡತಿ ನಾನು. ಅವರು ಅಲ್ಲಿ ಆಡುವ ಐದು ಗಂಟೆ ನಾನೇನು ಮಾಡಲಿ?
(ಮೈಸೂರು)

ಉತ್ತರ: ಅಮ್ಮಾ, ನಿಮ್ಮ ದಿನವೇ ಚೆನ್ನಾಗಿರುತ್ತದೆ. ಎಡಿನ್‌ಬರೋದಿಂದ ರೈಲಿನಲ್ಲಿ ಅರ್ಧ ಗಂಟೆ ಚಿಲ್ಲರೆ, ಮಗಳನ್ನೂ ಕರೆದುಕೊಂಡು ಹೋಗಿ. ಬಂದರಿನ ಹತ್ತಿರ ಸೀಬರ್ಡ್ ಸೆಂಟರ್ ಇದೆ. ಸಮುದ್ರದ ನಡುವೆ ಬಾಸ್ ರಾಕ್ ಎಂಬ ಬಂಡೆ. ಜೂನ್‌ನಲ್ಲಿ ಅದು ಹಿಮ ಬಿದ್ದಂತೆ ಬೆಳ್ಳಗೆ ಕಾಣುತ್ತದೆ, ಅಷ್ಟೂ ಗ್ಯಾನೆಟ್ ಹಕ್ಕಿಗಳು ಮತ್ತು ಅವುಗಳ ಹಿಕ್ಕೆ. ಸೆಂಟರ್‌ನಲ್ಲಿ ಕೂತೇ ಕ್ಯಾಮರಾದಲ್ಲಿ ಗೂಡುಗಳನ್ನು ನೋಡಬಹುದು. ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ, ಅವಸರ ಬೇಡ. ಆಟ ಮುಗಿಯುವ ಹೊತ್ತಿಗೆ ಹದಿನೆಂಟನೇ ಗ್ರೀನ್ ಹತ್ತಿರ ಬಂದು ನಿಲ್ಲಿ, ಅದು ಊರಿಗೆ ಅಂಟಿಕೊಂಡೇ ಇದೆ. ಎಷ್ಟು ಅಂಕ ಅಂತ ಕೇಳಬಹುದು. ಹದಿಮೂರನೆಯ ಹೋಲ್‌ನ ವಿಷಯ ಅವರಾಗಿ ಎತ್ತದಿದ್ದರೆ ನೀವು ಎತ್ತಬೇಡಿ.