ಪಾಲಿಥೀನ್ ಫಿಲ್ಮ್‌ನ ಐಆರ್ ಸ್ಪೆಕ್ಟ್ರಮ್‌ನಲ್ಲಿ ಅಲೆಗಳು: ಪ್ರತಿಕ್ರಿಯೆ

ಪಾಲಿಥೀನ್ ಫಿಲ್ಮ್‌ನ ಸ್ಫಟಿಕ ಭಾಗವನ್ನು (ಅಣುಸರಪಳಿಗಳು ಅಚ್ಚುಕಟ್ಟಾಗಿ ಜೋಡಿಸಿಕೊಂಡ ಭಾಗ) ಹುಡುಕಲು ತೆಗೆದ ಐಆರ್ (ಇನ್‌ಫ್ರಾರೆಡ್) ಸ್ಪೆಕ್ಟ್ರಮ್‌ನಲ್ಲಿ ಅಲೆಗಳು ಏಕೆ ಕಾಣುತ್ತಿವೆ ಎಂದು ಕೇಳಿದ್ದೀರಿ. ಬೇಸ್‌ಲೈನ್‌ನಲ್ಲಿ (ಶಿಖರಗಳ ಕೆಳಗಿನ ತಳರೇಖೆ) ಕಾಣುವ ಆ ಅಲೆಗಳು ಬಹುಶಃ ಪಾಲಿಮರ್‌ನವಲ್ಲ. ಫಿಲ್ಮ್‌ನ ಎರಡು ನುಣುಪು ಮೈಗಳ ನಡುವೆ ಬೆಳಕು ಪ್ರತಿಫಲಿಸಿ ಆಗುವ ವ್ಯತಿಕರಣ, ಅಂದರೆ ಬೆಳಕಿನ ತರಂಗಗಳು ಒಂದರೊಡನೊಂದು ಸೇರಿ ಹೆಚ್ಚುಕಡಿಮೆಯಾಗುವುದು. ಮೊದಲು ಅಲೆಗಳ ಅಂತರ ಅಳೆಯಿರಿ. ಅದು ಸಮವಾಗಿಲ್ಲದಿದ್ದರೆ ಕಾರಣ ಬೇರೆ ಇರಬಹುದು. ಸಮವಾಗಿ 100 ಸೆಂ.ಮೀ⁻¹ (ಒಂದು ಸೆಂ.ಮೀ.ಗೆ ಎಷ್ಟು ತರಂಗ ಎಂಬ ಏಕಮಾನ) ಇದ್ದರೆ, ವಕ್ರೀಭವನಾಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) 1.5 ಎಂದಿಟ್ಟುಕೊಂಡು, ಫಿಲ್ಮ್‌ನ ದಪ್ಪ ಸುಮಾರು 33 ಮೈಕ್ರಾನ್. ದಪ್ಪ ಅಳೆಯುವ ಮೈಕ್ರೋಮೀಟರ್ ಉಪಕರಣದಲ್ಲೂ ಅಷ್ಟೇ ಬಂದರೆ ಅನುಮಾನವೇ ಬೇಡ.

ಆಮೇಲೆ, ನುಣುಪು ಹೋಗಿ ಅಲೆಗಳು ಅಡಗಲೆಂದು, ಒಂದು ಮೈಯನ್ನು ಅತಿ ನಯವಾದ ಎಮರಿ ಕಾಗದದಿಂದ ಹಗುರವಾಗಿ ಉಜ್ಜಿ, ಪುಡಿ ಊದಿ ತೆಗೆದು, 2 ಸೆಂ.ಮೀ⁻¹ ರೆಸಲ್ಯೂಷನ್‌ನಲ್ಲಿ ಮತ್ತೆ ಸ್ಕ್ಯಾನ್ ಮಾಡಿ. 720, 730 ಸೆಂ.ಮೀ⁻¹ರ ಜೋಡಿ ಶಿಖರಗಳು ಬಿಡಿಬಿಡಿಯಾಗಿ ಕಾಣಬೇಕು. ನೀವು ಹುಡುಕುತ್ತಿರುವ ಸ್ಫಟಿಕ ಭಾಗದ ಗುರುತು 730ರದ್ದು. ಎಟಿಆರ್‌ನಲ್ಲಿ (ಫಿಲ್ಮ್ ಅನ್ನು ಹರಳಿಗೆ ಒತ್ತಿ ಐಆರ್ ಅಳೆಯುವ ವಿಧಾನ) ಈ ಅಲೆಗಳ ಕಾಟವಿಲ್ಲ ನಿಜ, ಆದರೆ ಅದಕ್ಕೆ ಕಾಣುವುದು ಮೇಲ್ಪದರದ ಕೆಲವೇ ಮೈಕ್ರಾನ್. ಒಳಗಿನ ಸ್ಫಟಿಕತೆಗೆ ಅದೊಂದನ್ನೇ ನೆಚ್ಚಬೇಡಿ.