‘ಮಾತ್ರೆ ಅರ್ಧ ಮಾಡಿದ್ದೀನಿ, ಡಾಕ್ಟರಿಗೆ ಹೇಳಿಲ್ಲ’

29 ವರ್ಷದ ಶಾಲಾ ಶಿಕ್ಷಕಿಯೊಬ್ಬರು ನನ್ನ ಬಳಿ ಸಲಹೆಗೆ ಬಂದಿದ್ದರು. ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆಯೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ) ಇದೆ ಎಂದು ಗೊತ್ತಾಗಿ ಒಂದು ವರ್ಷ. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.) ಜ್ವರ, ಕೀಲುನೋವು ಹತೋಟಿಗೆ ಬಂದಿವೆ. ಆದರೆ ಮುಖ ದುಂಡಗಾಗಿದೆ, ಹೊಟ್ಟೆ ಬಂದಿದೆ, ಮುಟ್ಟು ಏರುಪೇರಾಗಿದೆ. ಊಟದ ನಂತರದ ಶುಗರ್ 210.

“ನಾನು ಅಷ್ಟೇನೂ ತಿನ್ನಲ್ಲ ಮೇಡಂ. ಮನೇಲಿ ಯಾರೂ ನಂಬಲ್ಲ” ಎಂದು ಅತ್ತರು. ಆಮೇಲೆ ಮೆಲ್ಲಗೆ ಇನ್ನೊಂದು ವಿಷಯ ಹೇಳಿದರು. ಲೂಪಸ್‌ಗೆ ಡಾಕ್ಟರು ಕೊಟ್ಟ ಸ್ಟೀರಾಯ್ಡ್ ಮಾತ್ರೆಯನ್ನು ತಾವೇ ಅರ್ಧಕ್ಕೆ ಇಳಿಸಿದ್ದಾರೆ. ಪೂರ್ತಿ ಬಿಟ್ಟುಬಿಡುವ ಯೋಚನೆಯೂ ಇದೆ.

ಇದು ನಿಮ್ಮ ತಪ್ಪಲ್ಲ ಎಂದು ಮೊದಲು ಹೇಳಿದೆ. ಪ್ರೆಡ್ನಿಸೊಲೋನ್ ಎಂಬ ಆ ಸ್ಟೀರಾಯ್ಡ್ ಹಸಿವು ಹೆಚ್ಚಿಸುತ್ತದೆ, ಲಿವರ್ ಜಾಸ್ತಿ ಸಕ್ಕರೆ ಬಿಡುವಂತೆ ಮಾಡುತ್ತದೆ, ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತದೆ. ಕೊಬ್ಬು ಮುಖ, ಕತ್ತಿನ ಹಿಂಭಾಗ, ಹೊಟ್ಟೆಯಲ್ಲಿ ಸೇರುತ್ತದೆ. ಬೆಳಿಗ್ಗೆ ನುಂಗಿದ ಮಾತ್ರೆಯಿಂದ ಶುಗರ್ ಏರುವುದು ಮಧ್ಯಾಹ್ನ, ಸಂಜೆ. ಹಾಗಾಗಿ ಬರೀ ಖಾಲಿಹೊಟ್ಟೆಯ ಪರೀಕ್ಷೆ ಮಾಡಿಸಿ ನಿಶ್ಚಿಂತೆಯಾಗಿರಬೇಡಿ ಎಂದೆ.

ನನಗೆ ಭಯವಾಗಿದ್ದು ಆ ಅರ್ಧ ಮಾತ್ರೆಯ ಮಾತಿಗೆ. ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿಗಳು ದಿನವೂ ಕಾರ್ಟಿಸಾಲ್ ಎಂಬ ದೇಹದ ಸ್ವಂತ ಸ್ಟೀರಾಯ್ಡ್ ಮಾಡುತ್ತವೆ. ವಾರಗಟ್ಟಲೆ ಹೊರಗಿನಿಂದ ಸ್ಟೀರಾಯ್ಡ್ ಬಂದರೆ ಅವು ಕೆಲಸ ಕಡಿಮೆ ಮಾಡುತ್ತವೆ. ಮಾತ್ರೆ ಥಟ್ಟನೆ ನಿಂತರೆ ತಲೆಸುತ್ತು, ವಾಂತಿ ಬರಬಹುದು, ಬಿಪಿ ಕುಸಿದು ಜೀವಕ್ಕೇ ಅಪಾಯವಾಗಬಹುದು. ಲೂಪಸ್ ಕೂಡ ಕೆರಳಬಹುದು. ಅವರ ಒಪ್ಪಿಗೆ ಪಡೆದು ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿಸಿದೆ.

ಮುಟ್ಟು ಸರಿಮಾಡಲು ಮೆಡಿಕಲ್ ಶಾಪಿನಿಂದ ಹಾರ್ಮೋನ್ ಮಾತ್ರೆ ತರುವ ಯೋಚನೆಯೂ ಇತ್ತಂತೆ. ಅದಂತೂ ಬೇಡವೇ ಬೇಡ ಎಂದೆ. ಲೂಪಸ್ ಇರುವ ಕೆಲವರ ರಕ್ತದಲ್ಲಿ ಆಂಟಿಫಾಸ್ಫೋಲಿಪಿಡ್ ಆ್ಯಂಟಿಬಾಡಿ (ರಕ್ತ ಹೆಪ್ಪುಗಟ್ಟಿಸಬಲ್ಲ ಪ್ರತಿಕಾಯ) ಇರುತ್ತದೆ. ಅಂಥವರಿಗೆ ಈಸ್ಟ್ರೋಜನ್ ಹಾರ್ಮೋನ್ ಇರುವ ಮಾತ್ರೆಯಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ. ಮೊದಲು ಗರ್ಭಧಾರಣೆ ಪರೀಕ್ಷೆ, ಥೈರಾಯ್ಡ್ ಪರೀಕ್ಷೆ ಮಾಡಿಸಿ ಎಂದೆ. ಬಿಸಿಲು ತಪ್ಪಿಸಬೇಕಾದವರಿಗೆ ವಿಟಮಿನ್ ಡಿ ಕಡಿಮೆಯಾಗುತ್ತದೆ, ಸ್ಟೀರಾಯ್ಡ್ ಮೂಳೆಯನ್ನು ಸವೆಸುತ್ತದೆ. ಅದನ್ನೂ ಡಾಕ್ಟರ ಹತ್ತಿರ ಕೇಳಲು ಚೀಟಿಯಲ್ಲಿ ಬರೆದುಕೊಟ್ಟೆ. ಊಟದಲ್ಲಿ ಅನ್ನ ಕಡಿಮೆ, ಕಾಳು-ಪಲ್ಯ ಜಾಸ್ತಿ. ಉಪ್ಪಿನಕಾಯಿ, ಹಪ್ಪಳ ದೂರ. ಸಂಜೆ ಬಿಸಿಲಿಳಿದ ಮೇಲೆ ನಡಿಗೆ.

ಮುಂದಿನ ಭೇಟಿಗೆ ಗಂಡನನ್ನೂ ಕರೆಸಿದೆ. ಲೂಪಸ್ ಬಂದ 10 ಜನರಲ್ಲಿ ಸುಮಾರು 9 ಮಂದಿ ಹೆಂಗಸರು. ದಪ್ಪಗಾದೆ, ಇನ್ನೂ ಮಗು ಆಗಿಲ್ಲ ಎಂಬ ಮಾತು ಕೇಳಬೇಕಾದವರೂ ಅವರೇ. “ನಿಮ್ಮಮ್ಮ ಹಾಗಂದಾಗ ಉತ್ತರ ನೀವು ಕೊಡಿ, ಇವರಿಗೆ ಬಿಡಬೇಡಿ” ಎಂದೆ. ಮಗುವಿನ ವಿಷಯವನ್ನೂ ಮಾತಾಡಿದೆವು. ಕಾಯಿಲೆ ಕನಿಷ್ಠ 6 ತಿಂಗಳು ಶಾಂತವಾಗಿರಬೇಕು, ಕೆಲವು ಔಷಧಿಗಳನ್ನು ಮೊದಲೇ ಬದಲಿಸಬೇಕು. ಅದಕ್ಕೆ ಡಾಕ್ಟರ ಜೊತೆ ಕೂತು ಯೋಜನೆ ಬೇಕು.

ಈಗ ಡಾಕ್ಟರೇ ಡೋಸ್ ಮೆಲ್ಲಗೆ ಇಳಿಸುತ್ತಿದ್ದಾರೆ. ಮುಖ ಇನ್ನೂ ದುಂಡಗಿದೆ. ಶುಗರ್ ಸ್ವಲ್ಪ ಇಳಿದಿದೆ. ತಪಾಸಣೆಗೆ ಗಂಡನೂ ಜೊತೆಗೆ ಹೋಗುತ್ತಿದ್ದಾರೆ.