ಗದರುವ ಪರದೆ ಬೇಡ, ಉಣಗೋಲು ಸಾಕು

ಪ್ರಶ್ನೆ: ಸರ್, ನಾನು ಶಿರಸಿಯಲ್ಲಿ ಬಿ.ಸಿ.ಎ. ಕೊನೆಯ ವರ್ಷ ಓದುತ್ತಿದ್ದೇನೆ. ಓದಲು ಕುಳಿತವರು ಯೂಟ್ಯೂಬ್, ಇನ್‌ಸ್ಟಾಗ್ರಾಂ ಕಡೆಗೆ ಜಾರದಂತೆ ತಡೆಯುವ ಕ್ರೋಮ್ ಎಕ್ಸ್‌ಟೆನ್ಷನ್ (ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶ) ಮಾಡಿದ್ದೇನೆ. ಹಾಸ್ಟೆಲಿನ ಆರು ಗೆಳತಿಯರಿಗೆ ಹಾಕಿಕೊಟ್ಟೆ. ನಾಲ್ಕೇ ದಿನದಲ್ಲಿ ಐವರು ತೆಗೆದುಹಾಕಿದರು. 25 ನಿಮಿಷದ ಟೈಮರ್ ಕೂಡ ಕೆಲವೊಮ್ಮೆ ಮುಗಿಯುವುದೇ ಇಲ್ಲ. ಎಲ್ಲಿ ತಪ್ಪಿದ್ದೇನೆ? ಕೋಡ್ ಕಳಿಸಿದ್ದೇನೆ.

ಉತ್ತರ: ತಂಗಿ, ಟೈಮರಿನದು ಸಣ್ಣ ತೊಡಕು. ಎಕ್ಸ್‌ಟೆನ್ಷನ್‌ಗಳ ಈಗಿನ ನಿಯಮಾವಳಿಯಾದ ಮ್ಯಾನಿಫೆಸ್ಟ್ ವಿ3ರಲ್ಲಿ, ಹಿನ್ನೆಲೆಯಲ್ಲಿ ಓಡುವ ಕೋಡ್, ಅಂದರೆ ಸರ್ವಿಸ್ ವರ್ಕರ್, 30 ಸೆಕೆಂಡು ಸುಮ್ಮನಿದ್ದರೆ ಕ್ರೋಮ್ ಅದನ್ನು ನಿಲ್ಲಿಸಿಬಿಡುತ್ತದೆ. ಹೊತ್ತು ಎಣಿಸಲು ನೀನು ಬಳಸಿದ ಸೆಟ್‌ಟೈಮ್‌ಔಟ್ ಆದೇಶ ಅದರೊಂದಿಗೇ ಅಳಿಸಿಹೋಗುತ್ತದೆ. ಮುಗಿಯಬೇಕಾದ ಹೊತ್ತನ್ನು ಸ್ಟೋರೇಜಿನಲ್ಲಿ ಬರೆದಿಡು, ಎಬ್ಬಿಸುವ ಕೆಲಸವನ್ನು ಕ್ರೋಮ್‌ನದೇ ಅಲಾರಂ ಸೌಲಭ್ಯವಾದ ಅಲಾರ್ಮ್ಸ್ ಎಪಿಐಗೆ ಒಪ್ಪಿಸು.

ಗೆಳತಿಯರ ವಿಷಯ ಬೇರೆ. ನಿನ್ನ ಎಕ್ಸ್‌ಟೆನ್ಷನ್ ಅನ್ನು ನನ್ನ ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡೆ. ಯೂಟ್ಯೂಬಿನಲ್ಲಿ ಕಂಪ್ಯೂಟರ್ ವಿಜ್ಞಾನದ ಬೈನರಿ ಟ್ರೀ ಪಾಠದ ವಿಡಿಯೊ ತೆರೆದರೆ ಕೆಂಪು ಪರದೆ, ನಡುವೆ ದಪ್ಪಕ್ಷರದಲ್ಲಿ ‘ಸಮಯ ಹಾಳು ಮಾಡಬೇಡ’. ಪಾಠಕ್ಕೆಂದೇ ಹೋದವನಿಗೆ ಗದರಿಕೆ. ಎರಡನೆಯ ಸಂಜೆ ನಾನೂ ತೆಗೆದುಹಾಕಿದೆ.

ಸೊಪ್ಪಿನ ಬೆಟ್ಟದಿಂದ ನಮ್ಮ ತೋಟಕ್ಕೆ ಇಳಿಯುವಲ್ಲಿ ಒಂದು ಉಣಗೋಲು ಇದೆ. ಎರಡು ಕಂಬ, ಅವುಗಳ ತೂತಿಗೆ ಅಡ್ಡ ತೂರಿಸಿದ ನಾಲ್ಕು ಬಿದಿರು ಗಳ. ಮಳೆಗಾಲದಲ್ಲಿ ಮೇಲಿನ ಗಳ ಕಚ್ಚಿಕೊಳ್ಳುತ್ತದೆ, ಅಲುಗಾಡಿಸಿ ಎಳೆಯಬೇಕು. ದನ ಅಲ್ಲೇ ನಿಲ್ಲುತ್ತದೆ. ಮನುಷ್ಯ ಒಂದೊಂದೇ ಗಳ ಸರಿಸಿ ಒಳಗೆ ಹೋಗಿ, ಮತ್ತೆ ಒಂದೊಂದಾಗಿ ಹಾಕುತ್ತಾನೆ. ಅಷ್ಟು ಹೊತ್ತಿನಲ್ಲಿ, ಮನೆಯಲ್ಲೇ ಮರೆತು ಬಂದ ಕತ್ತಿ ನನಗೆ ಎಷ್ಟೋ ಸಲ ನೆನಪಾಗಿದೆ. ನೀನು ಕಟ್ಟಬೇಕಾದದ್ದು ಇಂಥದ್ದನ್ನು.

ತಾಣ ತೆರೆಯುವ ಮೊದಲು ಹತ್ತು ಸೆಕೆಂಡು ಬಿಳಿ ಪರದೆ ಬರಲಿ. ‘ಏನು ನೋಡಲು ಬಂದೆ?’ ಎಂದಷ್ಟೇ ಕೇಳು. ಗೆಳತಿ ಬರೆದ ಸಾಲು ಪುಟದ ನೆತ್ತಿಯ ಮೇಲೆ ಉಳಿಯಲಿ. ‘ಬೇಸರ ಬಂದಿದೆ’ ಎಂದು ಬರೆದರೂ ಒಳಗೆ ಬಿಡು. ಯೂಟ್ಯೂಬನ್ನು ಇಡಿಯಾಗಿ ಮುಚ್ಚಬೇಡ. ಕಂಟೆಂಟ್ ಸ್ಕ್ರಿಪ್ಟಿನ (ಪುಟದೊಳಗೆ ಓಡುವ ಕೋಡಿನ) ಮೂಲಕ ಸಿಎಸ್‌ಎಸ್ (ಪುಟದ ರೂಪ ತಿದ್ದುವ ಸಾಲುಗಳು) ಸೇರಿಸಿ ಬದಿಯ ಶಿಫಾರಸು ಪಟ್ಟಿಯನ್ನೂ ಶಾರ್ಟ್ಸನ್ನೂ ಮರೆಮಾಡಿದರೆ ಪಾಠ ಪಾಠವಾಗಿ ಉಳಿಯುತ್ತದೆ. ಯೂಟ್ಯೂಬಿನವರು ಪುಟದ ವಿನ್ಯಾಸ ಬದಲಿಸಿದಾಗಲೆಲ್ಲ ನೀನೂ ಕೋಡ್ ತಿದ್ದಬೇಕಾಗುತ್ತದೆ.

25 ನಿಮಿಷವನ್ನೂ ಹೇರಬೇಡ. 25 ನಿಮಿಷ ಕೆಲಸ, ಆಮೇಲೆ ಸಣ್ಣ ಬಿಡುವು ಎಂಬ ಈ ಪೊಮೊಡೊರೊ ಕ್ರಮವನ್ನು ಫ್ರಾನ್ಸೆಸ್ಕೊ ಸಿರಿಲ್ಲೊ ಎಂಬಾತ 1980ರ ದಶಕದಲ್ಲಿ ತಾನು ವಿದ್ಯಾರ್ಥಿಯಾಗಿದ್ದಾಗ, ಅಡುಗೆಮನೆಯ ಟೊಮೆಟೊ ಆಕಾರದ ಟೈಮರ್ ಇಟ್ಟುಕೊಂಡು ತನಗಾಗಿ ರೂಪಿಸಿಕೊಂಡದ್ದು. ನಿನ್ನ ಗೆಳತಿಯರ ಟೈಮರನ್ನೂ ಅವರೇ ತಿರುಗಿಸಲಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಎಲ್ಲ ಜಾಲತಾಣಗಳ ಮಾಹಿತಿ ಓದುವ ಅನುಮತಿ ಕೇಳಿದ್ದೀಯ, ಅದು ತಪ್ಪು. ಅವರೇ ಆರಿಸಿದ ನಾಲ್ಕೈದು ತಾಣಗಳಿಗೆ ಮಾತ್ರ ಕೇಳು. ಬರೆದ ಸಾಲುಗಳು ಅವರವರ ಯಂತ್ರದಲ್ಲೇ ಇರಲಿ, ಎಕ್ಸ್‌ಟೆನ್ಷನ್‌ನದೇ ಲೋಕಲ್ ಸ್ಟೋರೇಜ್ ಸಾಕು. ಬೇಸರದಲ್ಲಿ ಬರೆದದ್ದನ್ನು ಓದುವ ಹಕ್ಕು ನಿನಗೂ ಇಲ್ಲ.

ಫೋನಿನಲ್ಲೇ ಓದುವವರಿಗೆ ಫೈರ್‌ಫಾಕ್ಸ್ ಆವೃತ್ತಿ ಮಾಡು. ಆಂಡ್ರಾಯ್ಡ್ ಫೋನಿನ ಕ್ರೋಮ್ ಎಕ್ಸ್‌ಟೆನ್ಷನ್ ಹಾಕಿಕೊಳ್ಳಲು ಬಿಡುವುದಿಲ್ಲ.

ಅದಕ್ಕೂ ಮೊದಲು, ತೆಗೆದುಹಾಕಿದ ಐವರ ಕೋಣೆಗೆ ಹೋಗಿ, ಯಾವ ಹೊತ್ತಿನಲ್ಲಿ ತೆಗೆದರು, ಆಗ ಏನು ಬೇಕಿತ್ತು ಎಂದು ಕೇಳಿ ಬರೆದುಕೋ. ಉಳಿಸಿಕೊಂಡ ಆರನೆಯವಳನ್ನೂ ಕೇಳು. ತಿದ್ದಿದ್ದನ್ನು ನನಗೆ ಕಳಿಸು, ಒಂದು ವಾರ ಬಳಸಿ ನೋಡಿ ಬರೆಯುತ್ತೇನೆ.